ಕಿವಿಯಕ್ಕನ ಮನೆಯ ಬಡಗಿ

ಆ ಭಾನುವಾರ ಬೆಳಿಗ್ಗೆ ನಮ್ಮ ಕಟ್ಟಡದ ಸೆಕ್ರೆಟರಿಯವರು ಮೂರನೇ ಮಹಡಿಯಲ್ಲಿ ನಿಂತು ಗೋಡೆಯ ಬಿರುಕೊಂದನ್ನು ಟೇಪಿನಿಂದ ಅಳೆಯುತ್ತಿದ್ದರು. ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಇದ್ದಕ್ಕಿದ್ದಂತೆ ಪಕ್ಕದ ಬಾಗಿಲು ಧಡಾರನೆ ತೆರೆಯಿತು. ತಲೆಗೆಲ್ಲ ಕಪ್ಪು ಬಣ್ಣ ಮೆತ್ತಿಕೊಂಡು, ಅದರ ಮೇಲೆ ಮೀನಿನ ಚಿತ್ರವಿರುವ ಪ್ಲಾಸ್ಟಿಕ್ ಚೀಲವನ್ನು ಕಿರೀಟದಂತೆ ಬಿಗಿದುಕೊಂಡಿದ್ದ ನಮ್ಮ ಕಿವಿಯಕ್ಕ, "ಕೊನೆಗೂ ಬಂದ್ಯಾ ಕತ್ತೆ! ಬಾ ಒಳಗೆ, ಬಾ!" ಎಂದು ಸೆಕ್ರೆಟರಿಯವರ ಎರಡೂ ಭುಜ ಹಿಡಿದು ಎಳೆದುಕೊಂಡಳು.

ಸೆಕ್ರೆಟರಿಯವರಿಗೆ ಅರವತ್ತೆರಡು. ಆ ಸ್ಥಾನಕ್ಕೆ ಬಂದ ಮೇಲೆ ಅವರನ್ನು ಕತ್ತೆ ಎಂದವರು ಕಟ್ಟಡದಲ್ಲಿ ಬಹಳ ಮಂದಿ ಇದ್ದಾರೆ. ಒಳಗೆ ಬಾ ಎಂದವರು ಮಾತ್ರ ಇದೇ ಮೊದಲು.

"ಮೇಡಂ, ನಾನು... ಬಿರುಕು..." ಎಂದರು.

ಕಿವಿಯಕ್ಕನ ಕೈ ಸಡಿಲವಾಯಿತು. ಮುಖವೂ. "ನೀವು ಬಾಗಿಲು ತಟ್ಟಿದ್ರಾ?"

"ಇಲ್ಲ. ಗೋಡೆ ಅಳೀತಿದ್ದೆ."

"ಮತ್ತೆ ತಟ್ಟಿದ್ಯಾರು?"

ಅಷ್ಟರಲ್ಲಿ ಒಳಗಿನಿಂದಲೇ ಕೇಳಿಸಿತು: ಟಕ್. ಟಕ್. ಬಾಗಿಲು ಹಾರುಹೊಡೆದಿತ್ತು, ಹೊರಗೆ ನಿಂತವರು ನಾವು, ಆದರೂ ಯಾರೋ ಒಳಗಿನಿಂದ ತಟ್ಟುತ್ತಿದ್ದರು. ಸೆಕ್ರೆಟರಿಯವರು ತಮ್ಮ ಬಿಳಿ ಅಂಗಿಯ ಎರಡು ಭುಜಗಳ ಮೇಲೆ ಹತ್ತು ಕಪ್ಪು ಬೆರಳಚ್ಚು ಹೊತ್ತುಕೊಂಡು, ಟೇಪನ್ನೂ ನನ್ನನ್ನೂ ಅಲ್ಲೇ ಬಿಟ್ಟು ಇಳಿದುಹೋದರು.

"ಏ ಕೆಳಗಿನ್ಮನೆ," ಎಂದಳು ಕಿವಿಯಕ್ಕ. ನಾನು ಅವಳ ಕೆಳಗಿನ ಮನೆಯಲ್ಲಿರುವುದರಿಂದ ನನಗಿದೇ ಹೆಸರು. "ನಿನಗೂ ಕೇಳಿಸ್ತಾ?"

"ಕೇಳಿಸ್ತು."

"ಸದ್ಯ. ನನ್ನ ಕಿವಿ ಕೈ ಕೊಡ್ತಾ ಇದೆ ಅಂದ್ಕೊಂಡಿದ್ದೆ."

ಕಿವಿ ಕೈ ಕೊಡುವುದು ನಮ್ಮ ಭಾಷೆಯಲ್ಲಿ ಮಾತ್ರ ಸಾಧ್ಯ. ಆದರೆ ಅವಳ ಮಟ್ಟಿಗೆ ಅದು ತಮಾಷೆಯಲ್ಲ. ಅವಳು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಲೋಕದಲ್ಲಿ ಕಿವಿ ಮೇಲೆ ಹೂವಿಡುವವರು ಬೇಕಾದಷ್ಟಿದ್ದಾರೆ. ಕಿವಿಯೊಳಗೆ ಯಂತ್ರವಿಟ್ಟು ಕಳಿಸುವವಳು ನಮಗೆ ಗೊತ್ತಿದ್ದಂತೆ ಇವಳೊಬ್ಬಳೇ. ನೆಲಮಾಳಿಗೆಯಲ್ಲಿ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಒಂದು ಕೋಣೆ. ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡ ರೋಗಿ, ಈಚೆ ಗುಂಡಿ ಒತ್ತುತ್ತ ಕೂತ ಇವಳು. "ಸದ್ದು ಕೇಳಿದ ತಕ್ಷಣ ಬೆರಳೆತ್ತಿ" ಎನ್ನುತ್ತಾಳೆ. ಬಲಗಿವಿಗೆ ಕೆಂಪು ಪೆನ್ನು, ಎಡಗಿವಿಗೆ ನೀಲಿ. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕೆಲಸ.

ದಿನವಿಡೀ ಪೀಂ ಪೀಂ ಕೇಳಿಸಿ ಬರುವವಳಿಗೆ ಮನೆಯಲ್ಲಿ ಅಂಥ ಸದ್ದು ಬೇಡ. ಹಾಗಾಗಿ ಅವಳ ಬಾಗಿಲಿಗೆ ಕರೆಗಂಟೆಯಿಲ್ಲ. ಯಾರೇ ಬಂದರೂ ಬೆರಳಗಂಟಿನಿಂದ ತಟ್ಟಬೇಕು. ಯಾರು ತಟ್ಟಿದರು ಎಂದು ಅವಳು ಎದ್ದು ಬರುವ ಮೊದಲೇ ಹೇಳಬಲ್ಲಳು. ಹಾಲಿನವರದು ನಾಲ್ಕು, ಅವಸರದ್ದು. ನನ್ನದು ಒಂದೇ, "ಬರಲೋ ಬೇಡವೋ ಅನ್ನೋ ತರ," ಎನ್ನುತ್ತಾಳೆ. ಆವತ್ತು ಯಾರ ತಟ್ಟು ಎಂದುಕೊಂಡು ಬಣ್ಣ ಒಣಗುವ ಮೊದಲೇ ಓಡಿಬಂದಳು ಎಂದು ನಾನು ಕೇಳಲಿಲ್ಲ. ಅವಳು ಹೇಳಲೂ ಇಲ್ಲ. ಇಬ್ಬರೂ ಸದ್ದು ಬಂದ ಕಡೆ ನೋಡಿದೆವು.

ಸದ್ದು ಬಂದದ್ದು ನಡುಮನೆಯ ಗಾಜಿನ ತೊಟ್ಟಿಯಿಂದ. ನಾಲ್ಕಡಿ ಉದ್ದ, ಇನ್ನೂರು ಲೀಟರ್ ಉಪ್ಪುನೀರು, ಸಮುದ್ರದಿಂದ ತಂದ ಕಲ್ಲುಗಳು, ಮೂರು ಮೀನು. ಎಣಿಸಿದರೆ ಎರಡೇ ಇದ್ದವು.

ಮುಂದಿನ ಶನಿವಾರ ಮೀನಯ್ಯ ಬಂದರು. ಅವರದು ಅಕ್ವೇರಿಯಂ ಅಂಗಡಿ. ತಿನ್ನುವ ಮೀನಲ್ಲ, ನೋಡುವ ಮೀನು. ತಿಂಗಳಿಗೊಮ್ಮೆ ಬಂದು ನೀರು ಬದಲಿಸಿ, ಪಂಪು ತೊಳೆದು ಹೋಗುವ ಮೆಲುದನಿಯ ಮನುಷ್ಯ. ಟಾರ್ಚ್ ಹಿಡಿದು ತೊಟ್ಟಿಯ ಮುಂದೆ ಮಂಡಿಯೂರಿ ಬಹಳ ಹೊತ್ತು ನೋಡಿದರು.

"ಅಕ್ಕಾ, ಇದು ಮ್ಯಾಂಟಿಸ್ ಶ್ರಿಂಪ್."

"ಹಾಗಂದ್ರೆ?"

"ಸಿಗಡಿಯ ದೂರದ ನೆಂಟ ಅನ್ನಿ. ಹೋದ ತಿಂಗಳು ತಂದ ಕಲ್ಲಲ್ಲಿ ಅವಿತ್ಕೊಂಡು ಬಂದಿದೆ. ಅದರ ಮುಂಗೈ ಸುತ್ತಿಗೆ ಇದ್ದ ಹಾಗೆ. ಹುಳದ ಚಿಪ್ಪು, ಏಡಿ ಬೆನ್ನು, ಎಲ್ಲಾ ಒಡೆದು ತಿನ್ನುತ್ತೆ. ನೀಲಿ ಮೀನು ಎಲ್ಲಿ?"

"ಹೋದ ಭಾನುವಾರದಿಂದ ಕಾಣ್ತಿಲ್ಲ."

"ಇನ್ನು ಕಾಣಲ್ಲ," ಎಂದರು ಮೀನಯ್ಯ. "ಇದನ್ನ ಹಿಡಿದು ಅಂಗಡಿಗೆ ತಗೊಂಡು ಹೋಗ್ತೀನಿ. ಗಾಜಿಗೂ ಹೊಡೀತಿದೆ, ಕೇಳಿಸ್ತಾ?"

"ಬೇಡ. ಇರ್ಲಿ."

"ಅಕ್ಕಾ, ಗಾಜು ಬಿರುಕುಬಿಟ್ರೆ ಅಷ್ಟೂ ನೀರು ಕೆಳಗಿನ ಮನೆಗೆ."

ಇಬ್ಬರೂ ನನ್ನನ್ನು ನೋಡಿದರು. "ಅವಳು ಈಜು ಕಲೀತಾಳೆ ಬಿಡಿ," ಎಂದಳು ಕಿವಿಯಕ್ಕ.

ಮೀನಯ್ಯ ಉಳಿದ ಎರಡು ಮೀನುಗಳ ಜೀವ ಉಳಿಸಲು ಅವನ್ನು ಚೀಲದಲ್ಲಿ ತುಂಬಿಕೊಂಡರು. ಬಾಗಿಲ ಬಳಿ ನಿಂತು, ಯಾರನ್ನೂ ನೋಡದೆ, "ನೀರು ಚೆನ್ನಾಗಿದೆ. ಮನೇಲೂ ಚೆನ್ನಾಗಿದ್ದಾರೆ. ಬರ್ತೀನಿ," ಎಂದು ಹೊರಟರು. ಅವರು ಪ್ರತಿ ತಿಂಗಳೂ ಹೇಳುವುದು ಇದೇ ಮೂರು ವಾಕ್ಯ. ನಡುವಿನ ವಾಕ್ಯಕ್ಕಾಗಿ ಕಿವಿಯಕ್ಕ ತಿಂಗಳಿಡೀ ಕಾಯುತ್ತಾಳೆಂದು ನನಗೆ ಗೊತ್ತಾದದ್ದು ಆಮೇಲೆ.

ಹೀಗೆ ಆ ಮನೆಯಲ್ಲಿ ಒಬ್ಬಳೇ ಒಬ್ಬಳು ಹೆಂಗಸು, ಒಂದೇ ಒಂದು ಪ್ರಾಣಿ ಉಳಿದರು. ಅವಳು ಅದಕ್ಕೆ 'ಬಡಗಿ' ಎಂದು ಹೆಸರಿಟ್ಟಳು. ಬಡಿಯುವುದರಿಂದಲೂ ಸರಿ, ಸದಾ ಮನೆ ಕಟ್ಟುವುದರಿಂದಲೂ ಸರಿ. ನನ್ನ ಬೆರಳುದ್ದ, ಪಾಚಿ ಹಸಿರು ಮೈ, ಅಂಚಿಗೆ ಕೆಂಪು, ಅಲ್ಲಲ್ಲಿ ನವಿಲಿನ ನೀಲಿ. ಕಣ್ಣೆರಡೂ ಕಡ್ಡಿಯ ತುದಿಗೆ ಸಿಕ್ಕಿಸಿದ ಹಾಗೆ, ಒಂದೊಂದು ಒಂದೊಂದು ಕಡೆ ತಿರುಗುತ್ತವೆ. ಒಂದು ನನ್ನನ್ನು ನೋಡುವಾಗ ಇನ್ನೊಂದು ಬಾಗಿಲನ್ನು ನೋಡುತ್ತಿರುತ್ತದೆ. ಮುಂಗೈ ಎರಡನ್ನೂ ಎದೆಗೆ ಮಡಿಚಿ ಪ್ರಾರ್ಥನೆಗೆ ನಿಂತಂತೆ ನಿಲ್ಲುತ್ತದೆ, ಮರುಕ್ಷಣ ಟಕ್! ಕಣ್ಣಿಗೆ ಕಾಣದಷ್ಟು ವೇಗ. ಕೈ ಮುಗಿದುಕೊಂಡೇ ಹೊಡೆಯುವ ಈ ವಿದ್ಯೆ ನಮ್ಮ ಕಾನ್ವೆಂಟಿನ ಹಿರಿಯ ಸಿಸ್ಟರ್‌ಗೂ ಸಿದ್ಧಿಸಿತ್ತು. ಹಾಗಾಗಿ ಬಡಗಿಯ ಮುಂದೆ ನಾನು ಯಾವತ್ತೂ ನೆಟ್ಟಗೆ ಕೂರುತ್ತಿದ್ದೆ.

ಕಿವಿಯಕ್ಕ ಅದನ್ನು ಸಾಕಿದ ರೀತಿ ನೋಡಬೇಕಿತ್ತು. ದಿನ ಬಿಟ್ಟು ದಿನ ಇಕ್ಕಳದಲ್ಲಿ ಹಿಡಿದ ಒಂದು ಬಸವನಹುಳ. ನೀರು ಆರಿದಷ್ಟೂ ಶುದ್ಧ ನೀರು ತುಂಬಲು ಗಾಜಿನ ಮೇಲೆ ಆಸ್ಪತ್ರೆಯ ಕೆಂಪು ಪೆನ್ನಿನ ಗೆರೆ. ಕೆಲಸದಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಬೆರಳಗಂಟಿನಿಂದ ಗಾಜಿಗೆ ಮೆಲ್ಲನೆ ಒಂದು ಸಲ ತಟ್ಟುತ್ತಿದ್ದಳು. ಒಳಗಿನಿಂದ ಟಕ್. "ಇದ್ದಾನೆ," ಎನ್ನುತ್ತಿದ್ದಳು. ಆ 'ಇದ್ದಾನೆ'ಯಲ್ಲಿ ಇಡೀ ಮನೆ ತುಂಬಿಕೊಂಡ ಹಾಗಾಗುತ್ತಿತ್ತು.

ಒಂದು ಸಂಜೆ ಬಡಗಿ ಕಲ್ಲಿನ ಚೂರುಗಳನ್ನು ಎತ್ತಿ ತಂದು ತನ್ನ ಬಿಲದ ಬಾಯಿಗೆ ಜೋಡಿಸುತ್ತಿತ್ತು. ನೋಡುತ್ತ ನೋಡುತ್ತ ಕಿವಿಯಕ್ಕ ತಾನಾಗಿ ಹೇಳಿದಳು.

"ಈ ತೊಟ್ಟಿ ನನ್ನದಲ್ಲ ಕಣೇ. ತಂಗೀದು."

ಅವಳಿಗೆ ತಂಗಿಯೊಬ್ಬಳಿದ್ದಾಳೆಂದು ಗೊತ್ತಿತ್ತು. ನಾನು ಈ ಕಟ್ಟಡಕ್ಕೆ ಬಂದ ಹೊಸತರಲ್ಲಿ ಒಮ್ಮೆ ಮೆಟ್ಟಿಲಲ್ಲಿ ನೋಡಿದ್ದೆ, ಅಷ್ಟೆ. ಅಮ್ಮ ತೀರಿಕೊಂಡಾಗ ತಂಗಿಗೆ ಒಂಬತ್ತು, ಅಕ್ಕನಿಗೆ ಹದಿನಾರು. ಜಡೆ ಹಾಕಿ, ಶಾಲೆಗೆ ಬಿಟ್ಟು, ಜ್ವರಕ್ಕೆ ಎದ್ದು ಕೂತು ಬೆಳೆಸಿದವಳು ಇವಳೇ. ತಂಗಿ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ ಆದಳು. ಬಾಟಲಿಯೊಳಗೆ ಔಷಧಿಯಲ್ಲಿ ತೇಲುವ ಮೀನು ನೋಡಿ ನೋಡಿ ಬೇಸತ್ತು, ಜೀವ ಇರುವ ಮೀನು ಬೇಕೆಂದು ಈ ತೊಟ್ಟಿ ಇಡಿಸಿದಳು. ಆಮೇಲೆ ಪಂಪು ಕೆಟ್ಟಿದೆ ಎಂದು ವಾರಕ್ಕೆರಡು ಸಲ ಮೀನಯ್ಯನ ಅಂಗಡಿಗೆ ಹೋಗತೊಡಗಿದಳು.

"ಪಂಪು ಚೆನ್ನಾಗೇ ಇತ್ತು. ಅದರ ಸದ್ದು ನನಗೆ ಗೊತ್ತಾಗಲ್ವಾ?" ಎಂದಳು ಕಿವಿಯಕ್ಕ.

ಮೀನಿಗೆ ಗಾಳ ಹಾಕುವವರನ್ನು ಕಂಡಿದ್ದೇವೆ. ಮೀನಿನಂಗಡಿಯವರಿಗೇ ಗಾಳ ಹಾಕಿದವಳು ಈ ತಂಗಿ, ಅದೂ ಐವತ್ತನೇ ವಯಸ್ಸಿನಲ್ಲಿ. ಅಕ್ಕನಿಗೆ ಹೇಳಲು ನಾಚಿಕೆಯೋ ಹೆದರಿಕೆಯೋ, ನಾಳೆ ನಾಳೆ ಎಂದು ಮುಂದೂಡಿದಳು. ಅಷ್ಟರಲ್ಲಿ ಒಬ್ಬ ಮುದುಕರು ಕಿವಿಗೆ ಹೊಸ ಯಂತ್ರ ಹಾಕಿಸಿಕೊಂಡು, ತಮ್ಮದೇ ದನಿ ತಮಗೆ ಕೇಳಿಸಿದ ಸಂಭ್ರಮದಲ್ಲಿ ಇಡೀ ವಿಭಾಗಕ್ಕೆ ಕೇಳುವಂತೆ, "ರಿಜಿಸ್ಟ್ರಾರ್ ಆಫೀಸಿನ ಬೋರ್ಡಲ್ಲಿ ನಿಮ್ಮ ತಂಗಿ ಮದುವೆ ನೋಟಿಸ್ ನೋಡಿದೆ ಮೇಡಂ, ಸಂತೋಷ!" ಎಂದರು. ಊರಿಗೆಲ್ಲ ಕಿವಿ ಕೊಟ್ಟವಳ ಕಿವಿಗೆ ಮನೆಯ ಸುದ್ದಿ ಬಿದ್ದದ್ದು ಎಲ್ಲರಿಗಿಂತ ಕೊನೆಗೆ.

ಮದುವೆಯ ದಿನ ಇವಳು ಹೋಗಲಿಲ್ಲ. ಸಹಿ ಮುಗಿಸಿ ತಂಗಿ ಸೂಟ್‌ಕೇಸ್ ಒಯ್ಯಲು ಬಂದಳು.

"ನಾನೇ ಅಂದೆ. ಬೀಗದ ಕೈ ಇಟ್ಟು ಹೋಗು, ಇನ್ಮೇಲೆ ಬರೋದಾದ್ರೆ ಹೊರಗಿನವರ ತರ ಬಾಗಿಲು ತಟ್ಟಿ ಬಾ ಅಂತ."

"ಅವರೇನಂದ್ರು?"

"ಬೀಗದ ಕೈ ಇಟ್ಲು, ಈ ತೊಟ್ಟಿ ಮುಚ್ಚಳದ ಮೇಲೆ. ಹೋಗ್ತೀನಿ ಅಂದ್ಲು." ಕಿವಿಯಕ್ಕ ಮುಚ್ಚಳವನ್ನು ಬೆರಳಿನಿಂದ ಒರೆಸಿದಳು. "ಹೋಗ್ಬರ್ತೀನಿ ಅನ್ಲಿಲ್ಲ."

ನಮ್ಮ ಮಾತಿನಲ್ಲಿ ಯಾರೂ ಬರೀ ಹೋಗುವುದಿಲ್ಲ; ಎಲ್ಲರೂ ಹೋಗಿ ಬರುತ್ತಾರೆ. ಬಾಕಿ ಇದೆ ಎಂದು ಕರೆಂಟು ಕಿತ್ತು ಹೋಗುವವನು ಸಹ "ಬರ್ತೀನಿ ಮೇಡಂ" ಎಂದೇ ಮೆಟ್ಟಿಲಿಳಿಯುತ್ತಾನೆ. ತಂಗಿ ಆ ಒಂದು 'ಬರ್' ಅನ್ನು ಬಿಟ್ಟುಹೋಗಿದ್ದಳು. ನಾಲ್ಕು ವರ್ಷದಿಂದ ಈ ಮನೆಯಲ್ಲಿ ಕಾಣೆಯಾಗಿದ್ದುದು ಅದೊಂದೇ ಅಕ್ಷರ. ಕದದ ಪಕ್ಕ ಒಂದು 'ನ' ಬಂದು ನಿಂತರೆ ಕದನ ಎಂದು ನಾನು ತಮಾಷೆ ಮಾಡಲು ಹೋದೆ. ಅವಳು ನಗಲಿಲ್ಲ. ನನಗೂ ಅರ್ಧಕ್ಕೇ ಸಾಕೆನಿಸಿತು.

"ಮೀನಯ್ಯನವರು ಪ್ರತಿ ತಿಂಗಳೂ ಬರ್ತಾರಲ್ಲ, ಹೇಗಿದ್ದಾಳೆ ಅಂತ ಅವರನ್ನಾದ್ರೂ ಕೇಳಬಾರದಾ?"

"ಕೇಳೋಕೆ ಬರಲ್ಲ ಕಣೇ ನನಗೆ," ಎಂದಳು.

ಕೇಳುವುದೆಂಬ ಒಂದೇ ಮಾತಿಗೆ ಎರಡು ಕೆಲಸ. ಒಂದರಲ್ಲಿ ಇವಳನ್ನು ಮೀರಿಸುವವರಿಲ್ಲ. ಇನ್ನೊಂದು ಇವಳಿಗೆ ಹುಟ್ಟಿದಾಗಿನಿಂದ ಬಂದಿಲ್ಲ.

ಮಾರನೇ ದಿನದಿಂದ ಬಡಗಿಯ ಸದ್ದು ನಿಂತುಹೋಯಿತು. ಬಿಲದ ಬಾಯನ್ನು ಕಲ್ಲಿನ ಚೂರುಗಳು ಭದ್ರವಾಗಿ ಮುಚ್ಚಿದ್ದವು. ಹುಳ ಹಾಕಿದರೆ ಹುಳ ಆರಾಮಾಗಿ ಗಾಜಿನ ಮೇಲೆ ಓಡಾಡಿಕೊಂಡಿತ್ತು. ಕಿವಿಯಕ್ಕ ಗಾಜಿಗೆ ತಟ್ಟಿದಳು, ಕಾದಳು, ತಟ್ಟಿದಳು. ಮೂರು ದಿನ, ಐದು ದಿನ, ಒಂದು ವಾರ. ಆಸ್ಪತ್ರೆಗೆ ರಜೆ ಹಾಕಿದಳು. ನಾನು ಹೋದಾಗಲೆಲ್ಲ ಮಾತಿನ ನಡುವೆ ಥಟ್ಟನೆ ಬೆರಳೆತ್ತಿ, "ಹಾಂ! ಕೇಳಿಸ್ತಾ?" ಎನ್ನುವಳು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಒಮ್ಮೆ ತೊಟ್ಟಿಯ ಹತ್ತಿರ ಹೋಗುವಳು, ಒಮ್ಮೆ ಬಾಗಿಲಿಗೆ ಹೋಗಿ ತೆರೆದು, ಖಾಲಿ ಮೆಟ್ಟಿಲು ನೋಡಿ ಹಿಂತಿರುಗುವಳು.

"ನಮ್ಮಲ್ಲೂ ಬರ್ತಾರೆ," ಎಂದಳು ಒಮ್ಮೆ, ಎತ್ತಿದ ಬೆರಳನ್ನು ತಾನೇ ನೋಡಿಕೊಂಡು. "ನಾನು ಗುಂಡಿ ಒತ್ತಿರಲ್ಲ, ಆದ್ರೂ ಬೆರಳೆತ್ತುತ್ತಾರೆ. ಕೆಲವರು ನನ್ನ ಮೆಚ್ಚಿಸೋಕೆ. ಇನ್ನು ಕೆಲವರಿಗೆ ಕೇಳಬೇಕು ಅಂತ ಎಷ್ಟು ಆಸೆ ಅಂದ್ರೆ ಅವರಿಗೆ ನಿಜವಾಗ್ಲೂ ಕೇಳಿಸಿರುತ್ತೆ. ಚಾರ್ಟಲ್ಲಿ ಅದನ್ನ ತಪ್ಪು ಅಂತ ಬರೀಬೇಕು. ಬರೀವಾಗ ಕೈ ಬರಲ್ಲ."

ಶನಿವಾರ ಮೀನಯ್ಯ ಬಂದು, "ಸತ್ತಿಲ್ಲ ಅಕ್ಕ. ಹಳೇ ಚಿಪ್ಪು ಕಳಚ್ತಾ ಇದೆ. ಹೊಸದು ಗಟ್ಟಿ ಆಗೋವರೆಗೂ ಬಾಗಿಲು ಹಾಕ್ಕೊಂಡು ಒಳಗೇ ಇರುತ್ತೆ. ಆಗ ಮುಟ್ಟಿದ್ರೆ ನೋವಾಗುತ್ತೆ. ಅದೇ ತೆಗೆಯುತ್ತೆ ಬಿಡಿ," ಎಂದರು. ಹೇಳುವಾಗ ತೊಟ್ಟಿಯನ್ನು ನೋಡುತ್ತಿರಲಿಲ್ಲ, ಇವಳನ್ನು ನೋಡುತ್ತಿದ್ದರು. ಬಾಚದ ತಲೆ, ಮೂಲೆಯಲ್ಲಿ ಮುಟ್ಟದೆ ಬಿಟ್ಟ ಊಟದ ತಟ್ಟೆ. ಆ ಸಲ ಅವರು "ಮನೇಲೂ ಚೆನ್ನಾಗಿದ್ದಾರೆ" ಎನ್ನಲಿಲ್ಲ. "ಮನೇಲಿ ಹೇಳ್ತೀನಿ," ಎಂದಷ್ಟೇ ಹೇಳಿ ಹೋದರು.

ಎಂಟು ದಿನ ಬಿಟ್ಟು, ಭಾನುವಾರ ಬೆಳಿಗ್ಗೆ, ನಾನು ಮೆಟ್ಟಿಲಲ್ಲಿ ಪೇಪರ್ ಎತ್ತಿಕೊಳ್ಳುತ್ತಿದ್ದಾಗ ಮೇಲಿನಿಂದ ಐವತ್ತು ದಾಟಿದ ಹೆಂಗಸೊಬ್ಬರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಇಳಿದುಬಂದರು. ಅದೇ ಮೂಗು, ಅದೇ ಗಲ್ಲ. ಕಿವಿಯಕ್ಕನನ್ನೇ ಸ್ವಲ್ಪ ಚಿಕ್ಕದಾಗಿ ಮುದ್ರಿಸಿದ ಹಾಗೆ.

"ನೀವು ಅಕ್ಕನ..."

"ತಂಗಿ ಆಗಿದ್ದೆ," ಎಂದರು. "ತಟ್ಟಿ ಬಾ ಅಂದಿದ್ಲಲ್ಲ, ತಟ್ಟಿದೆ. ಒಂದಲ್ಲ, ಮೂರು ಸಲ ತಟ್ಟಿದೆ. ಒಳಗೇ ಇದ್ದಾಳೆ. ಏನಂದ್ಲು ಗೊತ್ತಾ? ಬಡ್ಕೋ, ಬಡ್ಕೋ, ಎಷ್ಟು ಬೇಕಾದ್ರೂ ಬಡ್ಕೋ ಅಂದ್ಲು. ನಗ್ತಾ ನಗ್ತಾ ಅಂದ್ಲು ರೀ!"

"ಅಯ್ಯೋ, ನಿಲ್ಲಿ, ಅದು ನಿಮಗಲ್ಲ, ಅದು ಸಿಗಡಿಗೆ..."

ಈ ವಾಕ್ಯ ಎಂಥ ಮನುಷ್ಯರನ್ನೂ ಸಮಾಧಾನಪಡಿಸುವಂಥದ್ದಲ್ಲ ಎಂದು ಹೇಳಿದ ಮೇಲೆ ಹೊಳೆಯಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅವಳ ಫ್ರೆಂಡಾ ನೀವು? ಗೊತ್ತಾಗುತ್ತೆ. ಹೋಗ್ತೀನಿ," ಎಂದು ಇಳಿದೇ ಹೋದರು.

ಮತ್ತೆ ಅದೇ 'ಹೋಗ್ತೀನಿ'.

ನಾನು ಮೇಲೆ ಓಡಿ ಎರಡೂ ಕೈಯಲ್ಲಿ ಬಾಗಿಲು ಬಡಿದೆ. ಒಳಗಿನಿಂದ ಕಿವಿಯಕ್ಕನ ನಗು: "ಏನೋ ನಿನ್ನ ಆವೇಶ! ಹದಿನೈದು ದಿನದ್ದು ಒಂದೇ ಸಲ ಬಡ್ಕೋತೀಯಾ?"

"ಅಕ್ಕಾ, ನಾನು! ಕೆಳಗಿನ್ಮನೆ! ಬಾಗಿಲು ತೆಗೀರಿ!"

ತೆಗೆದಳು. ಮುಖದ ತುಂಬ ಬೆಳಕು. ಅವಳ ಹಿಂದೆ ತೊಟ್ಟಿಯಲ್ಲಿ ಬಡಗಿ, ಮೊದಲಿಗಿಂತ ದೊಡ್ಡದು, ಹೊಸ ಬಣ್ಣ, ಬಿಲದ ಬಾಗಿಲು ಒಡೆದು ಹೊರಬಂದು ಗಾಜಿಗೆ ಟಕ್ ಟಕ್ ಎಂದು ತಟ್ಟುತ್ತಲೇ ಇತ್ತು. "ನೋಡೇ, ಬೆಳಿಗ್ಗೆಯಿಂದ ಶುರು ಹಚ್ಕೊಂಡಿದ್ದಾನೆ. ನಡುವೆ ಒಂದ್ಸಲ ಎರಡು ಬೇಗ, ಒಂದು ನಿಧಾನ ಹೊಡೆದ ನೋಡು, ಥೇಟ್ ನಮ್ಮವಳ ತರಾನೇ..."

"ಅದು ನಿಮ್ಮವಳೇ."

ಅವಳಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ. ಮೂರು ಸಲ ತಟ್ಟಿದ್ದು, ಒಳಗಿನಿಂದ ಬಂದ ಮಾತು, ಮೆಟ್ಟಿಲು, ಸೆರಗು. ಎಲ್ಲ ಹೇಳಿದ ಮೇಲೆ ಅವಳು ಕೂತಳು. ನಾಲ್ಕು ವರ್ಷ ಖಾಲಿ ಮೆಟ್ಟಿಲಿಗೆ ಬಾಗಿಲು ತೆರೆದವಳು, ತಂಗಿ ಬಂದು ನಿಂತ ಒಂದೇ ಒಂದು ದಿನ ತೆರೆದಿರಲಿಲ್ಲ. ಬಡಗಿ ತಟ್ಟುತ್ತಲೇ ಇತ್ತು. ಅವಳು ಮೊದಲ ಸಲ ಅದರ ಕಡೆ ನೋಡಲಿಲ್ಲ.

"ಬಡ್ಕೋ ಅಂತ ಕೇಳಿಸ್ಕೊಂಡು ಹೋದ್ಲಾ?"

"ಹೂಂ."

"ಮತ್ತೆ ಬರಲ್ಲ ಅವಳು. ನನಗೆ ಗೊತ್ತು, ನಾನೇ ಬೆಳೆಸಿದ್ದು."

"ನೀವು ಹೋಗಬಹುದಲ್ಲ."

ನಾಲ್ಕು ವರ್ಷದಲ್ಲಿ ಈ ಯೋಚನೆ ಅವಳಿಗೆ ಬಂದೇ ಇರಲಿಲ್ಲ ಎಂಬಂತೆ ನನ್ನನ್ನು ನೋಡಿದಳು. ಎದ್ದಳು. ಒಂದು ಕಾಲಿಗೆ ಮನೆಯ ಚಪ್ಪಲಿ, ಇನ್ನೊಂದಕ್ಕೆ ಆಸ್ಪತ್ರೆಯದು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಬಾಗಿಲಿಗೆ ಬೀಗ ಹಾಕಿದ್ದು ನಾನು.

ಬಸ್ಸು ಕಿಕ್ಕಿರಿದಿತ್ತು. ಹದಿನಾಲ್ಕು ಸ್ಟಾಪು. ಅವಳು ಮೇಲಿನ ಕಂಬಿಗೆ ಕೈ ಎಟುಕದೆ, ತುದಿಗಾಲಲ್ಲಿ, ಯಾರದೋ ಬೆನ್ನಿಗೂ ಇನ್ಯಾರದೋ ಬ್ಯಾಗಿಗೂ ನಡುವೆ ನೇತಾಡುತ್ತ ನಿಂತಿದ್ದಳು. ತಿರುವು ಬಂದಾಗಲೆಲ್ಲ ನನ್ನ ಮೇಲೆ ಬೀಳುವಳು. ಎದ್ದು, "ಏನಂತ ಹೇಳ್ಲಿ?" ಎನ್ನುವಳು. ಒಂದು ಸ್ಟಾಪಿನಲ್ಲಿ "ತಪ್ಪಾಯ್ತು ಅನ್ಲಾ?" ಮುಂದಿನದರಲ್ಲಿ "ನೀನು ಹೇಳದೇ ಇದ್ದಿದ್ದೂ ತಪ್ಪೇ ಅನ್ಲಾ?" ಒಂಬತ್ತನೆಯ ಸ್ಟಾಪಿಗೆ ಬರುವಷ್ಟರಲ್ಲಿ, "ಬಾರೇ ಮನೆಗೆ ಅಂದ್ರೆ ಸಾಕಲ್ವಾ? ಅಷ್ಟು ಸಾಕು, ಅಲ್ವಾ?" ಎಂದಳು. ಸಾಕು ಎಂದೆ. ಉಳಿದ ಐದು ಸ್ಟಾಪು ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು, ಮಗ್ಗಿ ಹೇಳುವವರಂತೆ.

ಮೀನಯ್ಯನ ಅಂಗಡಿಯ ಮೇಲೇ ಅವರ ಮನೆ. ಕಬ್ಬಿಣದ ಕಿರುಮೆಟ್ಟಿಲು, ಹಸಿರು ಬಾಗಿಲು. ಅದಕ್ಕೆ ಕರೆಗಂಟೆ ಇತ್ತು. ಕಿವಿಯಕ್ಕ ಅದನ್ನು ನೋಡಿಯೂ ನೋಡದಂತೆ ಬೆರಳು ಮಡಿಚಿದಳು. ತಟ್ಟಿದಳು. ಯಾರೂ ಬರಲಿಲ್ಲ. ಕೆಳಗಿನ ಅಂಗಡಿಯ ಹತ್ತಾರು ಪಂಪುಗಳ ಗುಂಯ್‌ಗುಟ್ಟುವಿಕೆ ಮಾತ್ರ ಕೇಳಿಸುತ್ತಿತ್ತು. ಇನ್ನೊಮ್ಮೆ ತಟ್ಟಿದಳು. ಮುಚ್ಚಿದ ಬಾಗಿಲಿನ ಹೊರಗೆ ನಿಲ್ಲುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಎರಡು ನಿಮಿಷದಲ್ಲಿ ಅವಳ ಕುತ್ತಿಗೆಯೆಲ್ಲ ಬೆವರಿತು. "ಒಳಗೇ ಇದ್ದಾಳೆ," ಎಂದು ಪಿಸುಗುಟ್ಟಿದಳು. "ಉಸಿರು ಕೇಳಿಸ್ತಿದೆ." ಆ ಗದ್ದಲದಲ್ಲಿ ಉಸಿರು ಕೇಳಿಸುವುದು ಸಾಧ್ಯವಿರಲಿಲ್ಲ. ಅದು ನಿಜವೋ ಆಸೆಯೋ ನಾನು ವಿಚಾರಿಸಲಿಲ್ಲ.

ಮೂರನೆಯ ಸಲ ತಟ್ಟಲು ಕೈ ಎತ್ತಿದಾಗ ಬಾಗಿಲು ತೆರೆಯಿತು. ತಂಗಿಯ ಕಣ್ಣು ಕೆಂಪಾಗಿತ್ತು. ಒಬ್ಬರನ್ನೊಬ್ಬರು ನೋಡಿಕೊಂಡರು, ನಾಲ್ಕು ವರ್ಷದಷ್ಟು ಹೊತ್ತು. ತಂಗಿಯ ನೋಟ ಅಕ್ಕನ ಬಿಳಿಯಾದ ಬೈತಲೆಯಿಂದ ಇಳಿದು, ಜೋಡಿಯಲ್ಲದ ಚಪ್ಪಲಿಗಳ ಮೇಲೆ ಬಂದು ನಿಂತಿತು.

"ಇಷ್ಟು ವರ್ಷ ಆಯ್ತು," ಎಂದಳು ಕೊನೆಗೆ, ಒಡೆದ ದನಿಯಲ್ಲಿ. "ಒಂದಿನ ಈ ಕಡೆ ತಲೆ ಹಾಕ್ಲಿಲ್ಲ. ಇವತ್ತು ಯಾಕಕ್ಕ ಬಂದೆ?"

'ಬಾರೇ ಮನೆಗೆ' ಎಂಬ ಮಾತಿಗೆ ನಾನು ಕಾದೆ. ಕಿವಿಯಕ್ಕ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಬಸ್ಸಲ್ಲಿ ಸೀಟು ಸಿಕ್ತು," ಎಂದಳು.